ಜರ್ಮನಿಗೆ ಮಾಸ್ಟರ್ಸ್‌ಗೆ ಹೊರಟಿದ್ದೀನಿ, ಬ್ಲಾಕ್ಡ್ ಅಕೌಂಟ್ ದುಡ್ಡಲ್ಲೇ ಜೀವನ ನಡೆಯುತ್ತಾ?

ದಾವಣಗೆರೆ ಹುಡುಗ
ಎಲ್ಲರಿಗೂ ನಮಸ್ಕಾರ. ವಿಟಿಯು ಮೆಕ್ಯಾನಿಕಲ್, ಬಿಇ ಮುಗೀತು. ಚಳಿಗಾಲದ ಸೆಮಿಸ್ಟರ್‌ಗೆ ಸ್ಟುಟ್‌ಗಾರ್ಟ್, ಮಾಗ್ಡೆಬುರ್ಗ್ ಎರಡೂ ಕಡೆ ಅಡ್ಮಿಷನ್ ಬಂದಿದೆ. ಎರಡೂ ಸರ್ಕಾರಿ ಯೂನಿವರ್ಸಿಟಿ, ಎರಡೂ ಇಂಗ್ಲಿಷ್ ಕೋರ್ಸ್. ಎಪಿಎಸ್ ಸರ್ಟಿಫಿಕೇಟ್ (ನಮ್ಮ ಡಿಗ್ರಿ ಕಾಗದ ಅಸಲಿ ಅಂತ ಪರಿಶೀಲಿಸಿ ಕೊಡೋದು) ಕೈಯಲ್ಲಿದೆ. ಅಪ್ಪ ಕೇಳ್ತಿರೋದು ಒಂದೇ ಪ್ರಶ್ನೆ: ಬ್ಲಾಕ್ಡ್ ಅಕೌಂಟ್‌ಗೆ (ಒಂದು ವರ್ಷದ ಖರ್ಚಿಗೆ ದುಡ್ಡಿದೆ ಅಂತ ವೀಸಾಗೆ ತೋರಿಸೋಕೆ ಮೊದಲೇ ತುಂಬೋ ಖಾತೆ) 11,904 ಯೂರೋ ಹಾಕಿದ ಮೇಲೆ ಮತ್ತೆ ದುಡ್ಡು ಕಳಿಸಬೇಕಾ? ಪಾರ್ಟ್ ಟೈಮ್ ಕೆಲಸ ಮಾಡಿ ಸರಿದೂಗಿಸಬಹುದು ಅಂತ ಎಲ್ಲಾ ಕಡೆ ಹೇಳ್ತಾರೆ. ನಿಜವಾದ ಲೆಕ್ಕ ಯಾರಾದ್ರೂ ಕೊಡ್ತೀರಾ?

ನೆಕರ್ ತೀರ
ಮೊದಲು ಫೀಸು ನೋಡಿ. ಸ್ಟುಟ್‌ಗಾರ್ಟ್ ಇರೋದು ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ. ಯೂರೋಪ್ ಒಕ್ಕೂಟದ ಹೊರಗಿನವರಿಗೆ 2017ರ ಚಳಿಗಾಲದ ಸೆಮಿಸ್ಟರ್‌ನಿಂದ ಅಲ್ಲಿ ಸೆಮಿಸ್ಟರ್‌ಗೆ 1,500 ಯೂರೋ ಫೀಸು. ಎಲ್ಲಾ ವಿದ್ಯಾರ್ಥಿಗಳೂ ಪ್ರತಿ ಸೆಮಿಸ್ಟರ್ ಕಟ್ಟೋ ಸಣ್ಣ ಶುಲ್ಕ, ಸೆಮಿಸ್ಟರ್ ಕಾಂಟ್ರಿಬ್ಯೂಷನ್, ಬೇರೆ. ಮಾಗ್ಡೆಬುರ್ಗ್ ಇರೋ ಸಾಕ್ಸೆನ್-ಆನ್‌ಹಾಲ್ಟ್‌ನಲ್ಲಿ ಇಂಥ ರಾಜ್ಯಮಟ್ಟದ ಫೀಸು ಇಲ್ಲ. "ಜರ್ಮನಿಯಲ್ಲಿ ಓದು ಫ್ರೀ" ಅನ್ನೋ ಮಾತು ರಾಜ್ಯದಿಂದ ರಾಜ್ಯಕ್ಕೆ, ಯೂನಿವರ್ಸಿಟಿಯಿಂದ ಯೂನಿವರ್ಸಿಟಿಗೆ ಬದಲಾಗುತ್ತೆ. ಬವೇರಿಯಾದಲ್ಲಿ ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ (ಟಿಯುಎಂ) 2024ರ ಚಳಿಗಾಲದಿಂದ ಹೊಸದಾಗಿ ಸೇರುವ, ಒಕ್ಕೂಟದ ಹೊರಗಿನ ವಿದೇಶಿಯರಿಗೆ ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000 ಅಥವಾ 6,000 ಯೂರೋ ಹಾಕ್ತಿದೆ. ಅಡ್ಮಿಷನ್ ಲೆಟರ್ ಜೊತೆ ಬಂದ ಫೀಸಿನ ಪುಟವನ್ನ ಒಮ್ಮೆ ಪೂರ್ತಿ ಓದಿ.

ಲೆಕ್ಕದ ಮೇಷ್ಟ್ರು
11,904ನ್ನ 12ರಿಂದ ಭಾಗಿಸಿದರೆ 992. ತಿಂಗಳಿಗೆ ಕೈಗೆ ಬರೋದು ಅಷ್ಟೇ. ಒಟ್ಟಿಗೆ ತೆಗೆಯೋಕಾಗಲ್ಲ.

ಸ್ಟುಟ್‌ಗಾರ್ಟ್‌ನಲ್ಲಿ ಸುಮಾರಾಗಿ ಹೀಗೆ ಹಿಡೀರಿ: ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆಗೆ 420 (ಅದೂ ಸಿಕ್ಕರೆ, ಖಾಸಗಿಯಾಗಿ 550, 600 ಸಾಮಾನ್ಯ), ಹೆಲ್ತ್ ಇನ್ಶೂರೆನ್ಸ್ 150, ಮನೇಲೇ ಅಡುಗೆ ಮಾಡಿಕೊಂಡರೆ ಊಟಕ್ಕೆ 220, ಮೊಬೈಲ್ 10, ರೇಡಿಯೋ-ಟಿವಿ ಶುಲ್ಕ 18, ಸೆಮಿಸ್ಟರ್ ಕಾಂಟ್ರಿಬ್ಯೂಷನ್ ತಿಂಗಳಿಗೆ ಹಂಚಿದರೆ 35, ಫೀಸು 1,500ನ್ನ ಆರು ತಿಂಗಳಿಗೆ ಹಂಚಿದರೆ 250. ಒಟ್ಟು 1,103. ತಿಂಗಳಿಗೆ 111 ಯೂರೋ ಖೋತಾ. ಬಟ್ಟೆ, ಬಸ್ಸು, ಚಳಿಗಾಲದ ಜಾಕೆಟ್ ಯಾವುದೂ ಇನ್ನೂ ಸೇರಿಲ್ಲ.

ಮಾಗ್ಡೆಬುರ್ಗ್‌ನಲ್ಲಿ ಫೀಸು ತೆಗೆದು ಬಾಡಿಗೆ 300 ಹಾಕಿದರೆ 733. 259 ಉಳಿಯುತ್ತೆ. ನಿಮ್ಮ ತಂದೆಯವರಿಗೆ ಇದೇ ಲೆಕ್ಕ ತೋರಿಸಿ.

ಕುಡ್ಲದ ಅಕ್ಕ
ಮೇಷ್ಟ್ರೇ, ಲೆಕ್ಕ ಸರಿ ಉಂಟು, ಆದ್ರೆ ಮೊದಲ ತಿಂಗಳಿನ ಖರ್ಚು ಬೇರೆಯೇ. ಬ್ಲಾಕ್ಡ್ ಅಕೌಂಟಿನಿಂದ ಮೊದಲ 992 ಬರ್ಬೇಕಾದ್ರೆ ಅಲ್ಲಿ ಒಂದು ಮಾಮೂಲಿ ಬ್ಯಾಂಕ್ ಅಕೌಂಟ್ ಬೇಕು. ಅದಕ್ಕೆ ಕೆಲವು ಬ್ಯಾಂಕುಗಳು ವಿಳಾಸ ನೋಂದಣಿ ಕಾಗದ ಕೇಳ್ತವೆ. ನೋಂದಣಿಗೆ ಮನೆ ಬೇಕು. ಮನೆಗೆ ಡೆಪಾಸಿಟ್ ಬೇಕು. ಅಂದ್ರೆ ಬ್ಲಾಕ್ಡ್ ಅಕೌಂಟಲ್ಲಿ ಹನ್ನೆರಡು ಲಕ್ಷ ಕೂತಿದ್ರೂ ಮೊದಲ ಮೂರ್ನಾಲ್ಕು ವಾರ ಅದು ಕೈಗೆ ಸಿಗುವುದಿಲ್ಲ. ಡೆಪಾಸಿಟ್, ಮೊದಲ ಬಾಡಿಗೆ, ಯೂನಿವರ್ಸಿಟಿಗೆ ಕಟ್ಟುವ ಹಣ, ಹಾಸಿಗೆ ಪಾತ್ರೆ ಎಲ್ಲ ಸೇರಿ 2,000 ಯೂರೋ ಫಾರೆಕ್ಸ್ ಕಾರ್ಡಿನಲ್ಲಿ ಇರ್ಲೇಬೇಕು. ಸ್ಟುಟ್‌ಗಾರ್ಟ್ ಆದ್ರೆ 3,500. ಇದನ್ನು ಯಾವ ಚೆಕ್‌ಲಿಸ್ಟಿನಲ್ಲೂ ಬರೆಯುವುದಿಲ್ಲ ಮಾರಾಯ್ರೆ, ಎಲ್ಲರೂ ಎಡವುವುದು ಇಲ್ಲಿಯೇ.

ದಾವಣಗೆರೆ ಹುಡುಗ
ಡೆಪಾಸಿಟ್ ಎಷ್ಟು ಕೇಳ್ತಾರೆ ಅಕ್ಕ? ಬೆಂಗಳೂರಿನ ಹಾಗೆ ಹತ್ತು ತಿಂಗಳಿನದಾ?

ಕುಡ್ಲದ ಅಕ್ಕ
ಇಲ್ಲ ಇಲ್ಲ. ಹೆಚ್ಚೆಂದ್ರೆ ಮೂರು ತಿಂಗಳ "ಕಾಲ್ಟ್‌ಮೀಟೆ", ಅಂದ್ರೆ ನೀರು, ಹೀಟಿಂಗ್ ಸೇರಿಸದ ಮೂಲ ಬಾಡಿಗೆ. ಅದು ಕಾನೂನು. ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರನಿಗೆ ಉಂಟು. ಜಾಹೀರಾತು ನೋಡುವಾಗ ಬೆಲೆ "ಕಾಲ್ಟ್" ಆ "ವಾರ್ಮ್" (ನೀರು, ಹೀಟಿಂಗ್ ಸೇರಿದ್ದು) ಆ ಅಂತ ನೋಡಿ. 320 ಕಾಲ್ಟ್ ಅಂದದ್ದು ಕೈ ಬಿಡುವಾಗ 430 ಆಗಿರ್ತದೆ.

ಎಲ್ಬೆ ದಂಡೆ
ಮನೆ ವಿಷಯಕ್ಕೆ ಸೇರಿಸ್ತೀನಿ. ಅಡ್ಮಿಷನ್ ಬಂದ ದಿನವೇ ಆ ಊರಿನ ಸ್ಟುಡೀರೆಂಡೆನ್‌ವೆರ್ಕ್‌ಗೆ (ವಿದ್ಯಾರ್ಥಿ ಹಾಸ್ಟೆಲ್ ನಡೆಸೋ ಸಂಸ್ಥೆ) ಹಾಸ್ಟೆಲ್ ಅರ್ಜಿ ಹಾಕಿ. ವೀಸಾ ಬರಲಿ ಅಂತ ಕಾಯೋದು ದೊಡ್ಡ ತಪ್ಪು. ಪೂರ್ವದ ಊರುಗಳಲ್ಲಿ ಬೇಗ ಸಿಗುತ್ತೆ. ಸ್ಟುಟ್‌ಗಾರ್ಟ್, ಮ್ಯೂನಿಕ್‌ನಲ್ಲಿ ಒಂದೆರಡು ಸೆಮಿಸ್ಟರ್ ಕಾಯೋದು ಮಾಮೂಲು, ಹಾಗಾಗಿ ಸಬ್‌ಲೆಟ್, ಅಂದರೆ ಬಾಡಿಗೆದಾರರೇ ಕೊಡೋ ಮರುಬಾಡಿಗೆ ಕೋಣೆ, ಹುಡುಕಬೇಕಾಗುತ್ತೆ.

ಸಬ್‌ಲೆಟ್‌ನಲ್ಲಿ ಮೊದಲ ಪ್ರಶ್ನೆ: "ಆನ್‌ಮೆಲ್ಡುಂಗ್ (ವಿಳಾಸ ನೋಂದಣಿ) ಮಾಡಿಸಬಹುದಾ?" ಮನೆ ಕೊಟ್ಟವರು ಸಹಿ ಹಾಕಿದ ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್ ಅನ್ನೋ ಒಂದು ಪುಟದ ಫಾರಂ ಇಲ್ಲದೆ ನಗರಸಭೆ ಕಚೇರಿ ನಿಮ್ಮನ್ನ ನೋಂದಾಯಿಸಲ್ಲ. ನೋಂದಣಿ ಇಲ್ಲ ಅಂದರೆ ಟ್ಯಾಕ್ಸ್ ಐಡಿ ಕಾಗದ ಬರೋಕೆ ವಿಳಾಸವಿಲ್ಲ, ರೆಸಿಡೆನ್ಸ್ ಪರ್ಮಿಟ್ ಅರ್ಜಿ ಮುಂದೆ ಹೋಗಲ್ಲ, ಕೆಲಸಕ್ಕೆ ಸೇರಿದರೆ ಸಂಬಳದಲ್ಲಿ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಹಿಡೀತಾರೆ. ಬಾಡಿಗೆ 80 ಯೂರೋ ಕಮ್ಮಿ ಅಂತ ನೋಂದಣಿ ಇಲ್ಲದ ಕೋಣೆಗೆ ಹೋಗ್ಬೇಡಿ.

ಹುಬ್ಬಳ್ಳಿಯಾಂವ
ಮೋಸದ ಜಾಹೀರಾತು ಬಗ್ಗೆ ಯಾರೂ ಹೇಳ್ಲಿಲ್ಲಲ್ರೀ. ಮಾದರಿ ಎಲ್ಲಾ ಒಂದ ನಮೂನಿ ಇರ್ತದ. ಊರ ನಡುವ ಚಂದ ಫ್ಲ್ಯಾಟ್, ಬಾಡಿಗಿ ಅರ್ಧಕ್ಕರ್ಧ ಕಮ್ಮಿ, ಮಾಲೀಕರು ಬ್ಯಾರೆ ದೇಶದಾಗ ಅದಾರ, ಕೀಲಿ ಕೊರಿಯರ್‌ನ್ಯಾಗ ಕಳಸ್ತಾರ, ಮೊದಲ ಡೆಪಾಸಿಟ್ ಹಾಕ್ರಿ ಅಂತಾರ. ಪಾಸ್‌ಪೋರ್ಟ್ ಕಾಪೀನೂ ಕೇಳ್ತಾರ, ಅದನ್ನ ಮುಂದಿನ ಹುಡುಗನ್ನ ಮೋಸ ಮಾಡಾಕ ಬಳಸ್ತಾರ. ಕಣ್ಣಾರೆ ನೋಡದ, ಇಲ್ಲಾ ವಿಡಿಯೋ ಕಾಲ್‌ನ್ಯಾಗ ಬಾಗಲ್ದಿಂದ ಕಿಟಕಿ ತನಕ ತೋರಸದ ಒಂದು ಯೂರೋನೂ ಹಾಕಬ್ಯಾಡ್ರಿ. ಆ ಊರಾಗ ಇರೋ ಯಾರನ್ನರ ಕಳಿಸಿ ನೋಡಸ್ರಿ.

ಶಿವಮೊಗ್ಗದ ತಂದೆ
ನನ್ನ ಮಗಳಿಗೂ ಇದೇ ಯೋಚನೆ ನಡೆದಿದೆ. ಕನ್ಸಲ್ಟೆನ್ಸಿಯವರು ಬರ್ಲಿನ್‌ನ ಒಂದು ಖಾಸಗಿ ಯೂನಿವರ್ಸಿಟಿ ಸೂಚಿಸಿದ್ದಾರೆ, ವರ್ಷಕ್ಕೆ 12,000 ಯೂರೋ ಫೀಸು. ಮನೆ, ವೀಸಾ ಎಲ್ಲಾ ಅವರೇ ನೋಡ್ಕೋತಾರಂತೆ. ನಿಶ್ಚಿಂತೆ ಅಲ್ವಾ?

ನೆಕರ್ ತೀರ
ಸರ್, ಸಹಿ ಹಾಕೋ ಮುಂಚೆ ದಯವಿಟ್ಟು ನಿಲ್ಲಿ. ಸರ್ಕಾರಿ ಯೂನಿವರ್ಸಿಟಿಗಳಿಂದ ಏಜೆಂಟರಿಗೆ ಸಾಮಾನ್ಯವಾಗಿ ಕಮಿಷನ್ ಸಿಗಲ್ಲ, ಖಾಸಗಿಯವು ಕೊಡ್ತವೆ. "ನಿಮ್ಮ ಮಾರ್ಕ್ಸ್‌ಗೆ ಸರ್ಕಾರಿ ಸಿಗಲ್ಲ" ಅಂತ ಅವರು ಬೇಗ ಹೇಳೋದು ಅದಕ್ಕೇ. ಮೂರು ವಿಷಯ ನೀವೇ ಪರೀಕ್ಷಿಸಿ. ಒಂದು, ಆ ಸಂಸ್ಥೆಗೆ ಜರ್ಮನ್ ರಾಜ್ಯದ ಮಾನ್ಯತೆ ಇದೆಯಾ. ಎರಡು, ಡಿಗ್ರಿ ಕೊಡೋದು ಅವರೇನಾ, ಇನ್ಯಾವುದೋ ದೇಶದ ಯೂನಿವರ್ಸಿಟಿಯಾ. ಮೂರು, ಪಾಠ ತರಗತಿಯಲ್ಲಾ, ಅರ್ಧಕ್ಕರ್ಧ ಆನ್‌ಲೈನಾ. ಪಾಠ ಆನ್‌ಲೈನ್ ಆದರೆ ವಿದ್ಯಾರ್ಥಿ ಪರ್ಮಿಟ್‌ಗೆ ತೊಂದರೆ ಆಗುತ್ತೆ.

ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆ ಡಿಎಎಡಿಯ ವೆಬ್‌ಸೈಟ್‌ನಲ್ಲಿ ಇಂಗ್ಲಿಷ್ ಕೋರ್ಸ್‌ಗಳ ಪಟ್ಟಿ ಫೀಸಿನ ಸಮೇತ ಇದೆ. ನೇರವಾಗಿ ಅರ್ಜಿ ಹಾಕೋದು ಏನೂ ಕಷ್ಟ ಅಲ್ಲ. ಊನಿ-ಅಸಿಸ್ಟ್ (ಹಲವು ಯೂನಿವರ್ಸಿಟಿಗಳ ಪರವಾಗಿ ಅರ್ಜಿ ಪರಿಶೀಲಿಸೋ ಸಂಸ್ಥೆ) ಮೂಲಕ ಆದರೆ ಮೊದಲ ಅರ್ಜಿಗೆ 75 ಯೂರೋ, ಅದೇ ಸೆಮಿಸ್ಟರ್‌ನ ಮುಂದಿನ ಪ್ರತಿ ಅರ್ಜಿಗೆ 30. ಹಲವು ಯೂನಿವರ್ಸಿಟಿಗಳು ಸ್ವಂತ ಪೋರ್ಟಲ್‌ನಲ್ಲೇ ತಗೋತವೆ.

ಲೆಕ್ಕದ ಮೇಷ್ಟ್ರು
ಮಾರ್ಕ್ಸ್ ವಿಷಯ ಬಂತಲ್ಲ, ನಮ್ಮ ಸಿಜಿಪಿಎಯನ್ನ ಜರ್ಮನ್ ಗ್ರೇಡ್‌ಗೆ ಬದಲಾಯಿಸೋ ಸೂತ್ರ ಕೊಟ್ಟುಬಿಡ್ತೀನಿ. ಗರಿಷ್ಠದಿಂದ ನಿಮ್ಮ ಸಿಜಿಪಿಎ ಕಳೆಯಿರಿ. ಗರಿಷ್ಠದಿಂದ ಕನಿಷ್ಠ ಪಾಸ್ ಕಳೆಯಿರಿ. ಮೊದಲನೆಯದನ್ನ ಎರಡನೆಯದರಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. 10ಕ್ಕೆ 8 ಸಿಜಿಪಿಎ, ಕನಿಷ್ಠ ಪಾಸ್ 4 ಆದರೆ 2.0 ಬರುತ್ತೆ. ಅಲ್ಲಿ 1.0 ಅತ್ಯುತ್ತಮ, 4.0 ಪಾಸ್. ಹಲವು ಕೋರ್ಸ್‌ಗಳ ಗಡಿ 2.5ರ ಆಸುಪಾಸು.

ತೀರ್ಥಹಳ್ಳಿ ಮಳೆ
ಕನಿಷ್ಠ ಪಾಸ್ 5 ಅಲ್ವಾ ಮೇಷ್ಟ್ರೇ?

ಲೆಕ್ಕದ ಮೇಷ್ಟ್ರು
ಯೂನಿವರ್ಸಿಟಿ, ಸ್ಕೀಮ್ ಮೇಲೆ ಹೋಗುತ್ತೆ. 5 ಹಾಕಿದರೆ ಅದೇ 8 ಸಿಜಿಪಿಎ 2.2 ಆಗುತ್ತೆ, ಅಂದರೆ ಇನ್ನೂ ಕೆಳಗೆ. ಅದಕ್ಕೇ ಕನಿಷ್ಠ ಪಾಸ್ ಗ್ರೇಡ್ ಪಾಯಿಂಟ್ ಸ್ಪಷ್ಟವಾಗಿ ಬರೆದಿರುವ ಅಂಕಪಟ್ಟಿಯ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ ಹಾಕಬೇಕು. ಮುಂಬದಿ ಮಾತ್ರ ಹಾಕಿದರೆ ಅವರಿಗೆ ತೋಚಿದ ಕನಿಷ್ಠ ಹಿಡಿಯೋ ಸಾಧ್ಯತೆ ಇದೆ.

ಎಲ್ಬೆ ದಂಡೆ
ಹೆಸರಿನ ತೊಂದರೆ ನಮ್ಮ ಕಡೆಯವರಿಗೆ ಜಾಸ್ತಿ, ಅದನ್ನೂ ಹೇಳಿಬಿಡ್ತೀನಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ "ಮಂಜುನಾಥ ಕೆ.", ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರೋ ಊರಿನ ಹೆಸರೋ, ಇಲ್ಲಾಂದ್ರೆ ಸರ್‌ನೇಮ್ ಜಾಗ ಪೂರ್ತಿ ಖಾಲಿ. ಎಪಿಎಸ್, ಅಡ್ಮಿಷನ್ ಲೆಟರ್, ಬ್ಲಾಕ್ಡ್ ಅಕೌಂಟ್, ಇನ್ಶೂರೆನ್ಸ್ ಎಲ್ಲದರಲ್ಲೂ ಪಾಸ್‌ಪೋರ್ಟ್‌ನಲ್ಲಿ ಇರೋ ಹಾಗೇ ಅಕ್ಷರಶಃ ಇರಲಿ. ಸರ್‌ನೇಮ್ ಖಾಲಿ ಇದ್ದವರು ಎಪಿಎಸ್‌ಗೆ ಅರ್ಜಿ ಹಾಕೋ ಮೊದಲೇ ಪಾಸ್‌ಪೋರ್ಟ್ ಸರಿ ಮಾಡಿಸಿ. ಆಮೇಲೆ ಬದಲಾಯಿಸಿದರೆ ಎಲ್ಲಾ ಕಾಗದ ಮೊದಲಿನಿಂದ.

ತೀರ್ಥಹಳ್ಳಿ ಮಳೆ
ವೀಸಾ ರಿಜೆಕ್ಟ್ ಆದರೆ ರಿಮಾನ್‌ಸ್ಟ್ರೇಷನ್, ಅಂದರೆ ದೂತಾವಾಸಕ್ಕೇ ಉಚಿತ ಮರುಪರಿಶೀಲನೆ ಅರ್ಜಿ, ಹಾಕಬಹುದು ಅಂತ ಓದಿದ್ದೆ. ಅದಕ್ಕೆ ಎಷ್ಟು ದಿನ ಹಿಡಿಯುತ್ತೆ?

ನೆಕರ್ ತೀರ
ಆ ದಾರಿ ಈಗಿಲ್ಲ. 2025ರ ಜುಲೈ 1ರಿಂದ ಎಲ್ಲಾ ದೇಶಗಳಲ್ಲೂ ಅದನ್ನ ತೆಗೆದುಬಿಟ್ಟರು. ಉಳಿದಿರೋದು ಬರ್ಲಿನ್ ಆಡಳಿತ ನ್ಯಾಯಾಲಯದಲ್ಲಿ ದಾವೆ, ಇಲ್ಲಾಂದ್ರೆ ಹೊಸ ಅರ್ಜಿ. ಹೊಸ ಅರ್ಜಿ ಅಂದರೆ ಮತ್ತೆ 75 ಯೂರೋ ಮತ್ತು ಸರದಿ. ಹಾಗಾಗಿ ಮೋಟಿವೇಷನ್ ಲೆಟರ್‌ಗೆ ಮೊದಲ ಸಲವೇ ಗಮನ ಕೊಡಿ. ಇಂಟರ್‌ನೆಟ್‌ನಿಂದ ಎತ್ತಿದ "ಜರ್ಮನಿ ಎಂಜಿನಿಯರಿಂಗಿನ ತವರು" ಸಾಲುಗಳು ಬೇಡ. ಆ ಕೋರ್ಸ್‌ನ ಯಾವ ಮಾಡ್ಯೂಲ್, ನಿಮ್ಮ ಬಿಇ ಪ್ರಾಜೆಕ್ಟ್‌ಗೆ ಅದರ ಸಂಬಂಧ ಏನು, ಮುಂದೆ ಏನು ಮಾಡ್ತೀರಿ, ಅಷ್ಟು ಬರೀರಿ. ಮಧ್ಯೆ ವರ್ಷ ಗ್ಯಾಪ್ ಇದ್ದರೆ ಆ ವರ್ಷ ಏನು ಮಾಡಿದಿರಿ ಅಂತ ದಾಖಲೆ ಸಮೇತ ಹೇಳಿ.

ದಾವಣಗೆರೆ ಹುಡುಗ
ಪಾರ್ಟ್ ಟೈಮ್ ಕೆಲಸದ ಬಗ್ಗೆ? ವರ್ಷಕ್ಕೆ 120 ದಿನ ಅಂತ ಕೇಳಿದೀನಿ.

ಕುಡ್ಲದ ಅಕ್ಕ
ಅದು ಹಳೇದು. 2024ರ ಮಾರ್ಚಿನಿಂದ 140 ಪೂರ್ಣ ದಿನ ಅಥವಾ 280 ಅರ್ಧ ದಿನ. ಅರ್ಧ ದಿನ ಅಂದ್ರೆ ನಾಲ್ಕು ಗಂಟೆ ತನಕ. ಯೂನಿವರ್ಸಿಟಿಯೊಳಗಿನ ಹಿವಿ ಕೆಲಸ, ಅಂದ್ರೆ ಪ್ರೊಫೆಸರ ಲ್ಯಾಬಿನಲ್ಲಿ ಸಹಾಯಕ, ಇದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆ ಮೀರಿದ್ರೆ ವಿದ್ಯಾರ್ಥಿ ಇನ್ಶೂರೆನ್ಸ್ ದರ ತಪ್ಪಿಹೋಗ್ತದೆ, ಅದು ಬೇರೆ ಗಂಡಾಂತರ. ಸ್ವಂತ ವ್ಯವಹಾರ, ಫ್ರೀಲಾನ್ಸ್ ಬಿಲ್ಲಿಂಗ್, ದುಡ್ಡು ಬರುವ ಯೂಟ್ಯೂಬ್ ಚಾನೆಲ್ ಇದ್ಯಾವುದನ್ನೂ ಅನುಮತಿ ಇಲ್ಲದೆ ಮಾಡುವ ಹಾಗಿಲ್ಲ.

ಲೆಕ್ಕದ ಮೇಷ್ಟ್ರು
2026ರ ಜನವರಿಯಿಂದ ಕನಿಷ್ಠ ವೇತನ ಗಂಟೆಗೆ 13.90 ಯೂರೋ. ವಾರಕ್ಕೆ ಹತ್ತು ಗಂಟೆ ಅಂದರೆ ತಿಂಗಳಿಗೆ ಸುಮಾರು 600. ಮಿನಿಜಾಬ್ (ತೆರಿಗೆ, ವಿಮೆ ಕಡಿತ ಬಹುತೇಕ ಇಲ್ಲದ ಸಣ್ಣ ಕೆಲಸ) ಮಿತಿ 603. ಸ್ಟುಟ್‌ಗಾರ್ಟ್‌ನ 111 ಖೋತಾ ಇದರಲ್ಲಿ ಆರಾಮಾಗಿ ತುಂಬುತ್ತೆ. ಆದರೆ ಮೊದಲ ಸೆಮಿಸ್ಟರ್‌ನಲ್ಲಿ ಈ ಆದಾಯ ಸೊನ್ನೆ ಅಂತಲೇ ಹಿಡಿದು ಯೋಜನೆ ಹಾಕಿ.

ಹುಬ್ಬಳ್ಳಿಯಾಂವ
ಸೊನ್ನೆ ಯಾಕ್ರೀ? ಗೋದಾಮು, ಡೆಲಿವರಿ ಕೆಲಸ ಬೇಕಾದಷ್ಟು ಅದಾವಲ್ಲ. ಜರ್ಮನ್ ಬರದಿದ್ರೂ ನಡೀತದ.

ನೆಕರ್ ತೀರ
ಸಿಗುತ್ತೆ, ಆದರೆ ಪರೀಕ್ಷೆ ವ್ಯವಸ್ಥೆ ಗೊತ್ತಿಲ್ಲದೆ ರಾತ್ರಿ ಪಾಳಿ ಒಪ್ಪಿಕೊಂಡರೆ ಡಿಗ್ರಿಯೇ ಹೋಗುತ್ತೆ. ಇದನ್ನ ಸ್ವಲ್ಪ ಉದ್ದಕ್ಕೆ ಬರೀತೀನಿ, ಯಾಕಂದರೆ ದುಡ್ಡಿಗಿಂತ ಇದರಲ್ಲೇ ಹೆಚ್ಚು ಜನ ಸಿಕ್ಕಿಬೀಳ್ತಾರೆ.

ಮಾಸ್ಟರ್ಸ್ ಅಂದರೆ ಸಾಮಾನ್ಯವಾಗಿ 120 ಇಸಿಟಿಎಸ್ (ಯೂರೋಪಿನ ಕ್ರೆಡಿಟ್ ಪಾಯಿಂಟ್), ಸೆಮಿಸ್ಟರ್‌ಗೆ 30. ಒಂದು ಇಸಿಟಿಎಸ್‌ಗೆ 25ರಿಂದ 30 ಗಂಟೆ ಓದು ಅಂತ ಲೆಕ್ಕ. ಅಂದರೆ ಸೆಮಿಸ್ಟರ್‌ಗೆ 750–900 ಗಂಟೆ. ತರಗತಿಯಲ್ಲಿ ಕೂರೋದು ಅದರ ಮೂರನೇ ಒಂದು ಭಾಗ ಇರಬಹುದು, ಉಳಿದದ್ದು ನೀವೇ. ಅಟೆಂಡೆನ್ಸ್ ಬಹುಪಾಲು ಕೇಳಲ್ಲ, ಇಂಟರ್ನಲ್ಸ್ ಇರಲ್ಲ. ಅನೇಕ ಮಾಡ್ಯೂಲ್‌ಗಳಲ್ಲಿ ಕೊನೆಗೆ 90 ಅಥವಾ 120 ನಿಮಿಷದ ಒಂದೇ ಪರೀಕ್ಷೆ, ಪೂರ್ತಿ ಗ್ರೇಡ್ ಅದರ ಮೇಲೆ. ಹಳೇ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡಿದರೆ ನಡೆಯಲ್ಲ, ಪಾಠದಲ್ಲಿ ಮಾಡಿದ ಡೆರಿವೇಷನ್‌ನ ಒಂದು ಊಹೆ ಬದಲಾಯಿಸಿ ಕೇಳ್ತಾರೆ.

ಪರೀಕ್ಷೆಗೆ ಪೋರ್ಟಲ್‌ನಲ್ಲಿ ನೀವೇ ನೋಂದಾಯಿಸಬೇಕು, ಸಾಮಾನ್ಯವಾಗಿ ಪರೀಕ್ಷೆಗೆ ವಾರಗಳ ಮುಂಚೆಯೇ ಕಿಟಕಿ ಮುಚ್ಚುತ್ತೆ. ನೋಂದಾಯಿಸದಿದ್ದರೆ ಬರೆಯೋ ಹಾಗಿಲ್ಲ, ಬರೆದರೂ ತಿದ್ದಲ್ಲ. ನೋಂದಾಯಿಸಿ, ಹೆಸರು ವಾಪಸ್ ತಗೊಳ್ಳದೆ, ಬರದೇ ಇದ್ದರೆ 5.0, ಅಂದರೆ ಫೇಲ್. ಹುಷಾರಿಲ್ಲ ಅಂದರೆ ಅದೇ ದಿನದ ತಾರೀಕಿನ ಡಾಕ್ಟರ್ ಸರ್ಟಿಫಿಕೇಟ್ ಬೇಕು. ಒಂದು ಮಾಡ್ಯೂಲ್‌ಗೆ ಬಹಳ ಕಡೆ ಮೂರು ಅವಕಾಶ. ಕಡ್ಡಾಯ ಮಾಡ್ಯೂಲ್‌ನಲ್ಲಿ ಮೂರೂ ಫೇಲ್ ಆದರೆ ಕೋರ್ಸ್‌ನಿಂದ ಹೊರಗೆ, ಅದೇ ಕೋರ್ಸ್‌ಗೆ ಇನ್ನೊಂದು ಯೂನಿವರ್ಸಿಟಿಯಲ್ಲಿ ಸೇರೋದೂ ಕಷ್ಟ, ಪರ್ಮಿಟ್‌ಗೂ ಕುತ್ತು. ಇನ್ನೊಂದು: ಪಾಸಾದ ಪರೀಕ್ಷೆಯನ್ನ ಗ್ರೇಡ್ ಏರಿಸೋಕೆ ಅಂತ ಮತ್ತೆ ಬರೆಯೋಕೆ ಹೆಚ್ಚಿನ ಕಡೆ ಬಿಡಲ್ಲ. 3.7 ಬಂದರೆ ಅದೇ ಉಳಿಯುತ್ತೆ.

ಮೊದಲ ಸೆಮಿಸ್ಟರ್‌ಗೆ ಆರು ವಿಷಯ ತಗೊಳ್ಳೋ ಬದಲು ನಾಲ್ಕು ತಗೊಂಡು ಚೆನ್ನಾಗಿ ಬರೆಯೋದು ಎಷ್ಟೋ ಮೇಲು.

ತೀರ್ಥಹಳ್ಳಿ ಮಳೆ
ಇದು ಪ್ರತಿಯೊಬ್ಬರೂ ಓದಬೇಕಾದ ಕಾಮೆಂಟ್.

ಎಲ್ಬೆ ದಂಡೆ
ಒಪ್ತೀನಿ. ಆದರೆ ಹುಬ್ಬಳ್ಳಿಯವರ ಮಾತಿನ ಇನ್ನೊಂದು ಭಾಗಕ್ಕೆ ನನ್ನ ತಕರಾರಿದೆ. ಗೋದಾಮಿಗೆ ಜರ್ಮನ್ ಬೇಡ, ಸರಿ. ನೀವು ಓದೋಕೆ ಬಂದ ಕ್ಷೇತ್ರದ ವರ್ಕ್‌ಸ್ಟೂಡೆಂಟ್ ಕೆಲಸಕ್ಕೆ (ಓದ್ತಾ ಕಂಪನಿಯಲ್ಲಿ ಮಾಡೋ ಪಾರ್ಟ್ ಟೈಮ್), ಅದೂ ಮೆಕ್ಯಾನಿಕಲ್‌ನಲ್ಲಿ, ಜಾಹೀರಾತುಗಳು ಜರ್ಮನ್ ಭಾಷೆಯ ಬಿ1, ಬಿ2 ಮಟ್ಟ ಕೇಳ್ತವೆ. ಶಾಪ್‌ಫ್ಲೋರ್‌ನಲ್ಲಿ ಫೋರ್‌ಮನ್ ಇಂಗ್ಲಿಷ್‌ನಲ್ಲಿ ಮಾತಾಡಲ್ಲ. ಓದು ಮುಗಿದ ಮೇಲೆ ಕೆಲಸ ಹುಡುಕೋಕೆ 18 ತಿಂಗಳ ಪರ್ಮಿಟ್ ಸಿಗುತ್ತೆ ನಿಜ, ಆ 18 ತಿಂಗಳಲ್ಲಿ ಭಾಷೆ ಕಲಿಯೋಕೆ ಕೂತರೆ ತಡವಾಯ್ತು. ಬೆಂಗಳೂರಿನಲ್ಲಿ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಇನ್ನೆಲ್ಲೋ ಎ1, ಎ2 (ಆರಂಭದ ಎರಡು ಮಟ್ಟ) ಮುಗಿಸಿಯೇ ವಿಮಾನ ಹತ್ತಿ. ಅಲ್ಲಿ ಹೋದ ಮೇಲೆ ಯೂನಿವರ್ಸಿಟಿಯ ಭಾಷಾ ಕೇಂದ್ರದಲ್ಲಿ ಮುಂದುವರಿಸಬಹುದು.

ಶಿವಮೊಗ್ಗದ ತಂದೆ
ಲೋನ್ ವಿಷಯ ಯಾರಾದ್ರೂ ತಿಳಿಸಿ. ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಇದಕ್ಕೆ ಸಿಗುತ್ತಾ?

ಲೆಕ್ಕದ ಮೇಷ್ಟ್ರು
ಇಲ್ಲ ಸರ್, ಅದು ದೇಶದೊಳಗಿನ ಆಯ್ದ ಸಂಸ್ಥೆಗಳಿಗೆ ಮಾತ್ರ. ವಿದೇಶಕ್ಕೆ ಬ್ಯಾಂಕಿನ ಮಾಮೂಲಿ ಎಜುಕೇಷನ್ ಲೋನ್. ಮಂಜೂರಾತಿ ಪತ್ರದಲ್ಲಿ "ಜೀವನ ವೆಚ್ಚ" ಅಂತ ಬ್ಲಾಕ್ಡ್ ಅಕೌಂಟ್ ಮೊತ್ತ ಸ್ಪಷ್ಟವಾಗಿ ಸೇರಿಸಿಸಿ, ಬರೀ ಫೀಸು ಅಂತ ಬರೆದರೆ ಫೀಸೇ ಇಲ್ಲದ ಯೂನಿವರ್ಸಿಟಿಗೆ ಏನು ಬಿಡುಗಡೆ ಮಾಡೋದು ಅಂತ ಶಾಖೆಯವರು ತಡೆದು ಕೂರ್ತಾರೆ. ಸ್ವಂತ ದುಡ್ಡು ಕಳಿಸಿದರೆ ವರ್ಷಕ್ಕೆ 10 ಲಕ್ಷ ಮೀರಿದ ಭಾಗಕ್ಕೆ ಟಿಸಿಎಸ್ (ಬ್ಯಾಂಕ್ ಮುಂಚಿತವಾಗಿ ವಸೂಲಿ ಮಾಡೋ ತೆರಿಗೆ) ಹಿಡೀತಾರೆ, ರಿಟರ್ನ್ಸ್‌ನಲ್ಲಿ ವಾಪಸ್ ಕೇಳಬಹುದು. ಮಾನ್ಯ ಸಂಸ್ಥೆಯ ಲೋನ್‌ನಿಂದ ಹೋದ ಹಣಕ್ಕೆ ಅದಿಲ್ಲ. ಬಡ್ಡಿಗೆ ತೆರಿಗೆ ವಿನಾಯಿತಿಯೂ ಇದೆ, ಹಳೇ ತೆರಿಗೆ ಪದ್ಧತಿಯಲ್ಲಿ ಇದ್ದರೆ.

ಕುಡ್ಲದ ಅಕ್ಕ
ಇನ್ಶೂರೆನ್ಸ್ ಬಗ್ಗೆ ಒಂದು ಮಾತು. ಟಿಕೆ, ಎಓಕೆ, ಬಾರ್ಮರ್ ಇಂಥ ಸರ್ಕಾರಿ ಪದ್ಧತಿಯ ವಿಮೆ 30 ವರ್ಷದ ಒಳಗಿನವರಿಗೆ ವಿದ್ಯಾರ್ಥಿ ದರದಲ್ಲಿ ಸಿಗ್ತದೆ. ಅಗ್ಗ ಅಂತ ಖಾಸಗಿ ವಿಮೆಗೆ ಹೋಗಿ ಸರ್ಕಾರಿ ವಿಮೆಯಿಂದ ವಿನಾಯಿತಿ ಬರೆಸಿಕೊಂಡ್ರೆ ಓದು ಮುಗಿಯುವ ತನಕ ಹಿಂದೆ ಬರ್ಲಿಕ್ಕಿಲ್ಲ. ಹಲ್ಲುನೋವು ಬಂದ ದಿನ ಗೊತ್ತಾಗ್ತದೆ ಅದರ ಬೆಲೆ. ಇನ್ನು, ವಿದ್ಯಾರ್ಥಿ ವಿಮೆ ಸಾಮಾನ್ಯವಾಗಿ ಅಕ್ಟೋಬರ್ 1ರಿಂದ ಶುರು. ಸೆಪ್ಟೆಂಬರಿನಲ್ಲೇ ಇಳಿಯುವವರು ನಡುವಿನ ದಿನಗಳಿಗೆ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸ್ಬೇಕು ಆಯ್ತಾ.

ದಾವಣಗೆರೆ ಹುಡುಗ
ಮನೆಯಲ್ಲಿ ಕೂತು ಮಾತಾಡಿದ್ವಿ, ಮಾಗ್ಡೆಬುರ್ಗ್ ಅಂತ ಬಹುತೇಕ ನಿರ್ಧಾರ. ಹಾಸ್ಟೆಲ್‌ಗೆ ಇವತ್ತೇ ಅರ್ಜಿ ಹಾಕಿದೆ. ಇಳಿದ ಮೇಲೆ ಯಾವುದು ಮೊದಲು, ಯಾವುದು ಆಮೇಲೆ?

ಎಲ್ಬೆ ದಂಡೆ
ಬರೋದಕ್ಕೂ ಮೊದಲೇ ಬ್ಯುರ್ಗರ್‌ಬ್ಯೂರೋ (ವಿಳಾಸ ನೋಂದಾಯಿಸೋ ನಗರಸಭೆ ಕಚೇರಿ) ಅಪಾಯಿಂಟ್‌ಮೆಂಟ್ ಆನ್‌ಲೈನ್‌ನಲ್ಲಿ ಹಿಡಿದಿಡಿ. ಮನೆಗೆ ಹೋದ ಎರಡು ವಾರದಲ್ಲಿ ನೋಂದಣಿ ಆಗಬೇಕು ಅಂತ ನಿಯಮ, ತಾರೀಕು ಆಮೇಲಿನದು ಸಿಕ್ಕರೆ ಬುಕಿಂಗ್ ಇಮೇಲ್ ಇಟ್ಕೊಳ್ಳಿ. ನೋಂದಣಿ ಕಾಗದ ಸಿಕ್ಕ ಕೂಡಲೇ ಬ್ಯಾಂಕ್ ಅಕೌಂಟ್, ಅದರ ಐಬಾನ್ (ಅಂತರರಾಷ್ಟ್ರೀಯ ಖಾತೆ ಸಂಖ್ಯೆ) ಬ್ಲಾಕ್ಡ್ ಅಕೌಂಟ್‌ನವರಿಗೆ ಕೊಡಿ. ಅದೇ ವಾರ ವಿಮೆಯವರಿಗೆ ವಿಳಾಸ ಕೊಡಿ, ಅವರು ಯೂನಿವರ್ಸಿಟಿಗೆ ವಿದ್ಯುನ್ಮಾನವಾಗಿ ತಿಳಿಸಿದರೇ ಎನ್‌ರೋಲ್ಮೆಂಟ್ ಪೂರ್ತಿ ಆಗೋದು. ಕೊನೆಯದು ವಿದೇಶಿಯರ ಕಚೇರಿ. ವೀಸಾ ಸ್ಟಿಕರ್‌ನಲ್ಲಿರೋ ಕೊನೆ ತಾರೀಕಿಗೆ ಮುಂಚೆ ಅರ್ಜಿ ದಾಖಲಾಗಿರಬೇಕು. ಕಾರ್ಡ್ ಬರೋಕೆ ತಿಂಗಳುಗಟ್ಟಲೆ ಹಿಡಿದರೂ ಫಿಕ್ಟಿಯೋನ್ಸ್‌ಬೆಶೈನಿಗುಂಗ್ ಅನ್ನೋ ತಾತ್ಕಾಲಿಕ ಕಾಗದ ಕೇಳಿ ತಗೊಳ್ಳಿ. ಆ ಕಾಗದ ಹಿಡಿದು ಊರಿಗೆ ಬರೋ ಯೋಚನೆ ಇದ್ದರೆ ಅದರಲ್ಲಿ ಯಾವ ಚೌಕಕ್ಕೆ ಗುರುತು ಹಾಕಿದ್ದಾರೆ ಅಂತ ನೋಡಿ. ವಿದೇಶಿಯರ ವಾಸದ ಕಾನೂನಿನ ಕಲಂ 81ರ 4ನೇ ಉಪಕಲಂ ಆದರೆ ವಾಪಸ್ ಒಳಗೆ ಬರಬಹುದು, 3 ಆದರೆ ಆಗಲ್ಲ.

ಹುಬ್ಬಳ್ಳಿಯಾಂವ
ಇನ್ನ ಊಟದ ಮಾತು. ಅಮ್ಮ ಕಟ್ಟಿಕೊಡೂ ತುಪ್ಪ, ಧಾರವಾಡ ಪೇಡಾ ಹಾಲಿನ ಪದಾರ್ಥ ಆಗ್ತಾವ, ಯೂರೋಪ್‌ದಾಗ ಬಿಡಂಗಿಲ್ಲ, ಕಸ್ಟಮ್ಸ್‌ನ್ಯಾಗ ಕಸದ ಡಬ್ಬಿಗೆ ಹಾಕ್ತಾರ. ಹಸಿ ಕರಿಬೇವೂ ಅಷ್ಟ, ಸರ್ಟಿಫಿಕೇಟ್ ಇಲ್ಲದ ತರೂಹಂಗಿಲ್ಲ. ತೆಂಗಿನಕಾಯಿ ಮಾತ್ರ ನಡೀತದ!

ತೀರ್ಥಹಳ್ಳಿ ಮಳೆ
ತೆಂಗಿನಕಾಯಿಗೆ ಹೇಗೆ ಬಿಡ್ತಾರೆ?

ಹುಬ್ಬಳ್ಳಿಯಾಂವ
ಅನಾನಸ್, ತೆಂಗು, ಡುರಿಯನ್, ಬಾಳಿಹಣ್ಣು, ಖರ್ಜೂರ, ಈ ಐದಕ್ಕ ಸರ್ಟಿಫಿಕೇಟ್ ಬ್ಯಾಡ. 2019ರ ಡಿಸೆಂಬರ್‌ದಿಂದ ಇದ ನಿಯಮ. ಆದ್ರ ಕಾಯಿಗೆ ಭಾರ ಯಾಕ ಕೊಡ್ತೀರಿ, ಅಲ್ಲೆ ಸೂಪರ್ ಮಾರ್ಕೆಟ್‌ನ್ಯಾಗ ಸಿಗ್ತದ. ಸಾರಿನಪುಡಿ, ಚಟ್ನಿಪುಡಿ, ಹುಣಸಿಹಣ್ಣು ಒಯ್ರಿ. ಅಕ್ಕಿ ಒಯ್ಯಬ್ಯಾಡ್ರಿ, ಸೋನಾ ಮಸೂರಿ ಇಂಡಿಯನ್, ಶ್ರೀಲಂಕನ್ ಅಂಗಡ್ಯಾಗ ಇರ್ತದ.

ಕುಡ್ಲದ ಅಕ್ಕ
ಕುಕ್ಕರ್ ಒಯ್ಯುವುದಾದ್ರೆ ಚಪ್ಪಟೆ ತಳದ್ದು, ಸ್ಟೀಲಿನದ್ದು. ಹಾಸ್ಟೆಲಿನಲ್ಲಿ ಇಂಡಕ್ಷನ್ ಇದ್ರೆ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ.

ಇನ್ನೊಂದು, ಅನ್ನ ಮಾಡುವಾಗ ಹಬೆ ಗೋಡೆಗೆ ಹೋಗದ ಹಾಗೆ ನೋಡಿ. ಚಳಿಗೆ ಹೆದರಿ ಕಿಟಕಿ ಮುಚ್ಚಿಟ್ರೆ ಆ ತೇವ ತಣ್ಣಗಿನ ಮೂಲೆಯಲ್ಲಿ, ಕಪಾಟಿನ ಹಿಂದೆ ಕೂತು ಎರಡೇ ತಿಂಗಳಲ್ಲಿ ಕಪ್ಪು ಬೂಸ್ಟು ಹಿಡೀತದೆ. ಮನೆ ಬಿಡುವಾಗ ಪೇಂಟಿನ ಖರ್ಚು ಡೆಪಾಸಿಟಿನಿಂದ ಕಡಿತ. ಕಿಟಕಿಯನ್ನು ಓರೆಯಾಗಿ ಇಡೀ ದಿನ ಇಟ್ರೆ ಸಾಲುವುದಿಲ್ಲ, ಗೋಡೆ ಇನ್ನೂ ತಣ್ಣಗಾಗ್ತದೆ. ದಿನಕ್ಕೆ ಎರಡು ಮೂರು ಸಲ ಹೀಟರ್ ಆಫ್ ಮಾಡಿ, ಕಿಟಕಿ ಪೂರ್ತಿ ತೆಗೆದು, ಐದರಿಂದ ಹತ್ತು ನಿಮಿಷ ಗಾಳಿ ಆಡಿಸಿ. ಒಗ್ಗರಣೆ ಹಾಕುವಾಗಲೂ ಹಾಗೆಯೇ ಕಿಟಕಿ ತೆಗೀರಿ, ಕೋಣೆಯ ಬಾಗಿಲು ಮುಚ್ಚಿ. ಹೊಗೆ ಕಾರಿಡಾರಿಗೆ ಹೋಗಿ ಅಲಾರಂ ಹೊಡೆದ್ರೆ ಇಡೀ ಹಾಸ್ಟೆಲ್ ಕೆಳಗೆ ಇಳೀಬೇಕಾಗ್ತದೆ, ಅಗ್ನಿಶಾಮಕದವರ ಬಿಲ್ ನಿಮ್ಮ ಹೆಸರಿಗೆ ಬರಲೂಬಹುದು.

ದಾವಣಗೆರೆ ಹುಡುಗ
ಸ್ಟೀಲ್ ಕುಕ್ಕರ್ 3 ಲೀಟರ್ ಸಾಕಾ, 5 ಬೇಕಾ?

ಕುಡ್ಲದ ಅಕ್ಕ
ಒಬ್ಬರಿಗೆ 3 ಧಾರಾಳ ಸಾಕು. ಗ್ಯಾಸ್ಕೆಟ್ ಎರಡು, ಸೇಫ್ಟಿ ವಾಲ್ವ್ ಒಂದು ಹೆಚ್ಚಿಗೆ ಇಟ್ಕೊಳ್ಳಿ. ನಮ್ಮ ಕುಕ್ಕರಿನ ಅಳತೆಯದ್ದು ಅಲ್ಲಿಯ ಅಂಗಡಿಯಲ್ಲಿ ಸಿಗುವುದಿಲ್ಲ.